ಮನೆಯಲ್ಲಿ ವಿಮಾನ ಕಟ್ಟಿದವರನ್ನು ಮೊದಲು ತೂಕ ಕೇಳಿ

ಮಾನ್ಯ ಸಂಪಾದಕರೇ,

ಮನೆಯಲ್ಲೇ ವಿಮಾನ ಕಟ್ಟಿದ ಯುವಕ ಅನ್ನೋ ಸುದ್ದಿ ಆಗಾಗ ಕನ್ನಡ ಪತ್ರಿಕೆಗಳಲ್ಲಿ ಬರುತ್ತಿರುತ್ತದೆ. ಊರು ಬಿಟ್ಟು ಅಮೆರಿಕದ ವಿಸ್ಕಾನ್ಸಿನ್‌ಗೆ ಬಂದ ಮೇಲೂ ಇಂಥ ಸುದ್ದಿ ಕಂಡರೆ ನಾನು ಬಿಡದೆ ಓದುತ್ತೇನೆ. ಓದುವಾಗ ಖುಷಿಯಾಗುತ್ತದೆ, ಓದಿ ಮುಗಿಸಿದ ಮೇಲೆ ಸ್ವಲ್ಪ ಸಿಟ್ಟೂ ಬರುತ್ತದೆ. ಎಷ್ಟು ಲಕ್ಷ ಖರ್ಚಾಯಿತು, ಅಪ್ಪ ಏನು ಕೆಲಸ ಮಾಡುತ್ತಾರೆ, ಯಾವ ಬೈಕಿನ ಎಂಜಿನ್ ಬಿಚ್ಚಿ ಹಾಕಿದ, ಯಾರು ಬಂದು ಶಾಲು ಹೊದಿಸಿದರು, ಎಲ್ಲಾ ಇರುತ್ತದೆ. ಆ ವಿಮಾನದ ತೂಕ ಎಷ್ಟು, ಆ ತೂಕ ಎಲ್ಲಿ ಕೂತಿದೆ ಅನ್ನೋದು ಮಾತ್ರ ಯಾವತ್ತೂ ಇರುವುದಿಲ್ಲ. ಹಾರುತ್ತದೋ ಇಲ್ಲವೋ, ಹಾರಿದ ಮೇಲೆ ಒಳಗೆ ಕೂತವನು ಉಳಿಯುತ್ತಾನೋ ಇಲ್ಲವೋ ಅನ್ನೋದನ್ನು ನಿರ್ಧರಿಸುವುದು ಬಹುಪಾಲು ಅದೇ. ಈ ಪತ್ರ ಅದರ ಬಗ್ಗೆ. ಸ್ವಲ್ಪ ಉದ್ದ ಆದೀತು, ಜಾಗ ಇದ್ದರೆ ಹಾಕಿ.

ನಾನು ಪೈಲಟ್ ಅಲ್ಲ. ಪೀಣ್ಯದ ಕಾರ್ಖಾನೆಗಳಲ್ಲಿ ಲೇತು, ಮಿಲ್ಲಿಂಗ್ ಅಂತ ಕೈ ಮಸಿ ಮಾಡಿಕೊಂಡು ಆಮೇಲೆ ಇಲ್ಲಿಗೆ ಬಂದವನು. ನಮ್ಮ ಪಕ್ಕದ ಬೀದಿಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಇದ್ದಾರೆ, ಶಾಲೆಯಲ್ಲಿ ಮರಗೆಲಸ ಕಲಿಸುತ್ತಿದ್ದವರು. ಕಾರು ನಿಲ್ಲಿಸೋ ಗ್ಯಾರೇಜಿನಲ್ಲಿ ಅವರು ಒಂದು ವಿಮಾನ ಕಟ್ಟುತ್ತಿದ್ದಾರೆ, ಪೀಟೆನ್‌ಪೋಲ್ ಏರ್ ಕ್ಯಾಂಪರ್ ಅಂತ. ಮರದ ಚೌಕಟ್ಟು, ಮೇಲೆ ಬಟ್ಟೆ, ತಲೆಯ ಮೇಲೊಂದು ಉದ್ದನೆಯ ರೆಕ್ಕೆ, ಒಬ್ಬರ ಹಿಂದೆ ಒಬ್ಬರು ಕೂರುವ ಎರಡು ತೆರೆದ ಗೂಡುಗಳು. ಬರ್ನಾರ್ಡ್ ಪೀಟೆನ್‌ಪೋಲ್ ಅನ್ನೋರು ಪಕ್ಕದ ಮಿನ್ನೆಸೋಟ ರಾಜ್ಯದ ಚೆರಿ ಗ್ರೋವ್ ಅನ್ನೋ ಪುಟ್ಟ ಊರಿನಲ್ಲಿ 1929ರಲ್ಲಿ ಇದನ್ನು ಫೋರ್ಡ್ ಮಾಡೆಲ್ ಎ ಕಾರಿನ ಎಂಜಿನ್ ಹಾಕಿ ಹಾರಿಸಿದರು. ಸುಮಾರು ನೂರು ವರ್ಷ ಆಗುತ್ತಾ ಬಂತು, ಜನ ಇನ್ನೂ ಅದೇ ನಕ್ಷೆ ಹಿಡಿದು ಕಟ್ಟುತ್ತಿದ್ದಾರೆ. ಪ್ರತಿ ಬೇಸಿಗೆ ಇಲ್ಲೇ ಬ್ರಾಡ್‌ಹೆಡ್ ಅನ್ನೋ ಊರಿನ ಹುಲ್ಲಿನ ರನ್‌ವೇಯಲ್ಲಿ ಇವು ಸಾಲಾಗಿ ಬಂದಿಳಿಯುತ್ತವೆ, ಅಲ್ಲಿಂದ ಎಷ್ಟೋ ಜನ ಆಶ್‌ಕಾಶ್ ಅನ್ನೋ ಊರಿನ ದೊಡ್ಡ ವಿಮಾನ ಮೇಳಕ್ಕೆ ಹೋಗುತ್ತಾರೆ.

ಮೇಷ್ಟ್ರಿಗೆ ಎಂಜಿನ್ ಕೂರಿಸುವ ದಿನ ನಾಲ್ಕು ಕೈ ಬೇಕಿತ್ತು. ನಾನು ಹೋದೆ.

ಮೊದಲು ಈ ವಿಮಾನ ನೆಲದ ಮೇಲೆ ನಿಲ್ಲುವ ರೀತಿ ಹೇಳಬೇಕು. ಈಗಿನ ವಿಮಾನಗಳಿಗೆ ಮೂಗಿನ ಕೆಳಗೊಂದು ಚಕ್ರ, ಹಿಂದೆ ಎರಡು. ಇದಕ್ಕೆ ಹಾಗಲ್ಲ, ಮುಂದೆ ಎರಡು ದೊಡ್ಡ ಚಕ್ರ, ಬಾಲದ ತುದಿಯಲ್ಲಿ ಒಂದು ಪುಟಾಣಿ ಚಕ್ರ. ಇಂಥದಕ್ಕೆ ಇಲ್ಲಿ ಟೇಲ್‌ಡ್ರ್ಯಾಗರ್ ಅಂತಾರೆ. ನಮ್ಮ ಕಡೆಯವರಿಗೆ ಇದು ಅರ್ಥವಾಗಲು ಎತ್ತಿನ ಗಾಡಿ ಸಾಕು. ಎರಡು ಚಕ್ರ, ಒಂದು ಅಚ್ಚು. ಹುಲ್ಲನ್ನು ಅಚ್ಚಿಗಿಂತ ಮುಂದಕ್ಕೆ ಜಾಸ್ತಿ ಹೇರಿದರೆ ಎತ್ತಿನ ಹೆಗಲಿಗೆ ಭಾರ, ಹಿಂದಕ್ಕೆ ಜಾಸ್ತಿ ಹೇರಿದರೆ ಮೂಕಿ ಆಕಾಶಕ್ಕೆ. ವಿಮಾನದಲ್ಲೂ ಅದೇ ಲೆಕ್ಕ. ಮುಂದೆ ಎಂಜಿನ್, ಹಿಂದೆ ಬಾಲ, ನಡುವೆ ಅಚ್ಚು.

ಕಟ್ಟಿ ಮುಗಿದ ವಿಮಾನಕ್ಕೆ ಇದರಿಂದ ತೊಂದರೆ ಇಲ್ಲ. ರೆಕ್ಕೆ, ಬಾಲದ ಫಲಕಗಳು, ಸೀಟು ಎಲ್ಲಾ ಸೇರಿ ಭಾರ ಅಚ್ಚಿನ ಹಿಂದಕ್ಕೇ ಬೀಳುತ್ತದೆ, ಬಾಲ ನೆಲಕ್ಕೆ ಊರಿಕೊಂಡು ಕೂರುತ್ತದೆ. ಅಪಾಯ ಇರುವುದು ಅರ್ಧ ಕಟ್ಟಿದ ವಿಮಾನದಲ್ಲಿ. ಗ್ಯಾರೇಜಿನಲ್ಲಿ ಜಾಗ ಇಲ್ಲ ಅಂತ ರೆಕ್ಕೆಗಳನ್ನು ಗೋಡೆಗೆ ಒರಗಿಸಿ ಇಟ್ಟಿರುತ್ತಾರೆ. ಬಾಲದ ಫಲಕಗಳಿಗೆ ಇನ್ನೂ ಬಣ್ಣ ಒಣಗುತ್ತಿರುತ್ತದೆ. ಚಕ್ರದ ಮೇಲೆ ನಿಂತಿರುವುದು ಬರೀ ಮರದ ಅಸ್ಥಿಪಂಜರ. ಅಂಥದರ ಮೂಗಿಗೆ ಇರುವುದರಲ್ಲೇ ಅತಿ ಭಾರದ ವಸ್ತುವನ್ನು ತಂದು ಕಟ್ಟುತ್ತೀರಿ, ಅದೂ ಅಚ್ಚಿನಿಂದ ಆದಷ್ಟೂ ಮುಂದಕ್ಕೆ. ಆಗ ಬಾಲ ಏಳದೆ ಇನ್ನೇನು ಮಾಡೀತು?

ಮೇಷ್ಟ್ರು ಹಾಕುತ್ತಿದ್ದ ಎಂಜಿನ್ ಕಾಂಟಿನೆಂಟಲ್ ಎ-65. ನಾಲ್ಕು ಸಿಲಿಂಡರ್, 65 ಅಶ್ವಶಕ್ತಿ, ಸುಮಾರು 80 ಕಿಲೋ. ಅದರ ಭಾರದ ನಡುಬಿಂದು ಅಚ್ಚಿನಿಂದ 90 ಸೆಂಟಿಮೀಟರ್ ಮುಂದೆ ಬರುತ್ತಿತ್ತು. ಬಾಲದ ಚಕ್ರ ಅಚ್ಚಿನಿಂದ 4 ಮೀಟರ್ ಹಿಂದೆ. 80ನ್ನು 90ರಿಂದ ಗುಣಿಸಿ 400ರಿಂದ ಭಾಗಿಸಿ: 18 ಬರುತ್ತದೆ. ಅಂದರೆ ಎಂಜಿನ್ ಕೂತ ಕ್ಷಣ ಬಾಲದ ಮೇಲಿನ ಭಾರ 18 ಕಿಲೋ ಇಳಿಯುತ್ತದೆ. ಎಂಜಿನ್ ಇಲ್ಲದಾಗ ಆ ಬಾಲ ನೆಲವನ್ನು ಒತ್ತುತ್ತಿದ್ದುದು ಸುಮಾರು 17 ಕಿಲೋದಷ್ಟು. ಹೈಸ್ಕೂಲಿನ ಸನ್ನೆಕೋಲಿನ ಪಾಠ ಇದು, ಬೇರೇನೂ ಅಲ್ಲ. ಹದಿನೇಳರಲ್ಲಿ ಹದಿನೆಂಟು ಕಳೆದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ.

ಮೇಷ್ಟ್ರು ಈ ಲೆಕ್ಕವನ್ನು ಹಾಳೆಯಲ್ಲಿ ಮಾಡಿ ಗೋಡೆಗೆ ಅಂಟಿಸಿದ್ದರು. ಅಷ್ಟಕ್ಕೇ ಬಿಡದೆ ಬಚ್ಚಲುಮನೆಯಲ್ಲಿ ಮೈತೂಕ ನೋಡುವ ತಕ್ಕಡಿಯನ್ನು ತಂದು ಬಾಲದ ಚಕ್ರದ ಕೆಳಗೆ ಇಟ್ಟರು. ನನಗೆ ಅವತ್ತು ತುಂಬಾ ಹಿಡಿಸಿದ್ದು ಇದೇ. ಬಾಲದ ತುದಿಯಲ್ಲಿ ಚೌಕಟ್ಟಿನ ಎರಡು ಉದ್ದ ಪಟ್ಟಿಗಳ ಮೇಲೆ ಒಂದು ಹಲಗೆ ಅಡ್ಡ ಇಟ್ಟು, ಅದರ ಮೇಲೆ 50 ಪೌಂಡಿನ ಒಂದು ಮರಳಿನ ಚೀಲ, ಅಂದರೆ 22 ಕಿಲೋ ಚಿಲ್ಲರೆ. ತಕ್ಕಡಿ 39 ಕಿಲೋ ತೋರಿಸಿತು (ಅದರಲ್ಲಿ ಇದ್ದದ್ದು ಪೌಂಡು, ನಾನು ಕಿಲೋಗೆ ತಿರುಗಿಸಿ ಬರೆಯುತ್ತಿದ್ದೇನೆ). ಇದಲ್ಲದೆ ಅರ್ಧ ಬಕೆಟ್ ಕಾಂಕ್ರೀಟ್ ತುಂಬಿ ನಡುವೆ ಒಂದು ಕೊಕ್ಕೆ ಹೂತು ಒಣಗಿಸಿ ಇಟ್ಟಿದ್ದರು. ಆ ಬಕೆಟ್ಟನ್ನು ನೆಲದ ಮೇಲೇ ಇಟ್ಟು, ಬಾಲದ ಚಕ್ರ ಕೂರುವ ಕಬ್ಬಿಣದ ಪಟ್ಟಿಗೆ ಬೆಲ್ಟಿನಿಂದ ಬಿಗಿದರು. ಚೀಲ ಬಾಲವನ್ನು ಸದಾ ಒತ್ತಿ ಹಿಡಿದಿರುತ್ತದೆ, ಬಕೆಟ್ಟಿಗೆ ಕೆಲಸ ಬರುವುದು ಬಾಲ ಎದ್ದರೆ ಮಾತ್ರ. ಎರಡೂ ಯಾಕೆ ಅಂತ ಕೇಳಿದೆ. ಚೀಲ ಜಾರಿ ಬೀಳಬಹುದಲ್ಲ ಅಂದರು. ಬೆಲ್ಟು ಕಟ್ಟಿದ ಜಾಗವನ್ನೂ ಗಮನಿಸಿ, ಕಬ್ಬಿಣದ ಪಟ್ಟಿಗೆ. ಚೌಕಟ್ಟಿನ ನಡುವಿನ ಅಡ್ಡಕಡ್ಡಿಗಳು ಬೆರಳು ದಪ್ಪ ಇರುತ್ತವೆ ಅಷ್ಟೇ, ಅದಕ್ಕೆ ಕಟ್ಟಿ ಎಳೆದರೆ ಬಾಲ ಉಳಿದರೂ ಕಡ್ಡಿ ಮುರಿಯುತ್ತದೆ.

ಎಂಜಿನ್ ಎತ್ತಲು ನಮ್ಮ ಗ್ಯಾರೇಜುಗಳಲ್ಲಿ ತೊಲೆಗೆ ಚೈನ್ ಬ್ಲಾಕ್ ನೇತು ಹಾಕುತ್ತಾರಲ್ಲ, ಇಲ್ಲಿ ಮರದ ಗ್ಯಾರೇಜಿನ ತೊಲೆಯನ್ನು ನಂಬುವ ಹಾಗಿಲ್ಲ. ಚಕ್ರ ಇರುವ ಸಣ್ಣ ಕ್ರೇನ್ ಬಾಡಿಗೆಗೆ ಸಿಗುತ್ತದೆ, ಕೈಯಲ್ಲಿ ಒತ್ತುವ ಹೈಡ್ರಾಲಿಕ್ ಜ್ಯಾಕ್ ಇರುತ್ತದೆ. ಅದರ ಎರಡು ಕಾಲುಗಳು ವಿಮಾನದ ಅಚ್ಚಿನ ಕೆಳಗೆ ತೂರುತ್ತವೆಯೇ ಅಂತ ಮೊದಲೇ ಅಳೆದಿರಬೇಕು. ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಮರದ ತುಂಡು ಕೊಟ್ಟೆವು.

ಎಂಜಿನ್ ತೇಲಿಕೊಂಡು ಬಂತು. ವಿಮಾನದ ಮೂಗಿನಲ್ಲಿ ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ ಒಂದು ಗೂಡು ಇರುತ್ತದೆ, ಅದರ ನಾಲ್ಕು ಕಿವಿಗೆ ಎಂಜಿನ್ನಿನ ಬೆನ್ನಿನ ನಾಲ್ಕು ಕಿವಿ ಸೇರಬೇಕು, ನಡುವೆ ರಬ್ಬರ್ ಬುಷ್. ಮೇಲಿನ ಎರಡು ಬೋಲ್ಟು ಸಲೀಸಾಗಿ ಹೋದವು. ಬಿಗಿ ಮಾಡಲಿಲ್ಲ, ಸುಮ್ನೆ ತೂರಿಸಿ ನಟ್ಟು ಎರಡು ಸುತ್ತು ಹಿಡಿಸಿದೆವು. ಮೂರನೆಯದೂ ಹೋಯಿತು. ನಾಲ್ಕನೆಯದು ಕೂದಲೆಳೆಯಷ್ಟು ಆಚೆ ಈಚೆ. ಬೋಲ್ಟು ಹಾಕಿದ ಯಾರಿಗಾದರೂ ಗೊತ್ತು, ಕೊನೆಯದು ಹೀಗೇ. ಹಿಂದೆ ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೊ ಎರಡೂ ಕೂತಿರುತ್ತವೆ, ಕೈ ತೂರಿಸಲು ಜಾಗ ಇರುವುದಿಲ್ಲ, ಕಣ್ಣಿಗೆ ಏನೂ ಕಾಣುವುದಿಲ್ಲ, ಬೆರಳ ತುದಿಯಲ್ಲೇ ತೂತು ಹುಡುಕಬೇಕು.

ಇಲ್ಲೇ ಮನುಷ್ಯನಿಗೆ ಬುದ್ಧಿ ಕೆಡುವುದು. ಬಾಲವನ್ನು ಸ್ವಲ್ಪ ಎತ್ತಿದರೆ ತೂತು ಸರಿಹೋಗುತ್ತದೆ ಅನ್ನಿಸುತ್ತದೆ. ನಿಜ, ಹೋಗುತ್ತದೆ. ಸಹಾಯಕ್ಕೆ ಬಂದಿದ್ದ ಇನ್ನೊಬ್ಬರು ಆಗಲೇ ಬಾಲದ ಹತ್ತಿರ ಬಗ್ಗಿದ್ದರು. ಮೇಷ್ಟ್ರು ಬೇಡ ಅಂದರು. ಯಾಕೆ ಅಂದರೆ, ಎಂಜಿನ್ ಇರುವುದು ಅಚ್ಚಿನ ಮುಂದೆ ಮಾತ್ರ ಅಲ್ಲ, ಅಚ್ಚಿಗಿಂತ ಮೇಲೆ ಕೂಡ. ಬಾಲ ಎತ್ತಿದಂತೆ ವಿಮಾನ ಅಚ್ಚಿನ ಸುತ್ತ ತಿರುಗುತ್ತದೆ, ಮೇಲಿದ್ದದ್ದೆಲ್ಲಾ ಮುಂದಕ್ಕೆ ವಾಲುತ್ತದೆ. ಬಾಲ ನೆಲದಲ್ಲಿ ಇದ್ದಾಗ 90 ಸೆಂಟಿಮೀಟರ್ ಮುಂದಿದ್ದ ಎಂಜಿನ್, ವಿಮಾನವನ್ನು ಮಟ್ಟವಾಗಿ ಎತ್ತಿ ಹಿಡಿದರೆ ಹತ್ತಿರ ಹತ್ತಿರ ಒಂದು ಗೇಣು ಇನ್ನೂ ಮುಂದಕ್ಕೆ ಹೋಗುತ್ತದೆ. ಹಿಂದಿನ ಚೌಕಟ್ಟಿನ ಭಾರವೂ ಹಾಗೇ ಮುಂದಕ್ಕೆ ಸರಿಯುತ್ತದೆ. ಬಾಲ ಎದ್ದಷ್ಟೂ ಏಳುವುದು ಸುಲಭವಾಗುತ್ತಾ ಹೋಗುತ್ತದೆ. ಮೊದಲು ಕೈಗೆ ಭಾರ ಅನ್ನಿಸಿದ್ದು ಅರ್ಧ ದಾರಿಯಲ್ಲಿ ಹಗುರವಾಗುತ್ತದೆ, ಹಗುರವಾಯಿತಲ್ಲ ಅಂತ ಖುಷಿಪಡುವಷ್ಟರಲ್ಲಿ ಮೂಗು ನೆಲ ಮುಟ್ಟಿರುತ್ತದೆ. ಆ ಕ್ಷಣ ಎಂಜಿನ್ ಮತ್ತು ಗೂಡಿನ ನಡುವೆ ಯಾರದಾದರೂ ಬೆರಳು ಇದ್ದರೆ ಆ ಮಾತು ಬೇಡ.

ಕ್ರೇನಿನ ಜ್ಯಾಕನ್ನು ಕೂದಲಷ್ಟು ಇಳಿಸಿ, ಎಂಜಿನ್ನನ್ನೇ ಕೈಯಲ್ಲಿ ಸ್ವಲ್ಪ ಅಲ್ಲಾಡಿಸಿ ನಾಲ್ಕನೆಯ ಬೋಲ್ಟು ಕೂರಿಸಿದೆವು. ಸುತ್ತಿಗೆ ಮುಟ್ಟಲಿಲ್ಲ. ಬೋಲ್ಟಿನ ಎಳೆ ಕೆಟ್ಟರೆ, ಕಿವಿ ಬಿರುಕು ಬಿಟ್ಟರೆ ಅದು ಗೊತ್ತಾಗುವುದು ಮೇಲೆ ಹೋದ ಮೇಲೆ.

ಆಮೇಲೆ ಭಾರ ಬಿಡುವ ಕೆಲಸ. ಒಬ್ಬರು ಜ್ಯಾಕಿನ ತಿರುಪು ಸಡಿಲಿಸುವುದು, ನಾನು ನೆಲದ ಮೇಲೆ ಮಲಗಿ ತಕ್ಕಡಿ ಓದುವುದು. 39. ಸ್ವಲ್ಪ ಇಳಿಸಿದರು, 33. ನಿಲ್ಲಿಸಿ ನೋಡಿದೆವು. 27. ರಬ್ಬರ್ ಬುಷ್‌ಗಳು ಕಿರ್ ಅಂದವು. ಕೊನೆಗೆ ಸರಪಳಿ ಪೂರ್ತಿ ಸಡಿಲವಾದಾಗ 21. ಹಾಳೆಯ ಲೆಕ್ಕ ಹೇಳಿದ್ದೂ ಅದನ್ನೇ. ಮರಳಿನ ಚೀಲ ಇಲ್ಲದೆ ಹೋಗಿದ್ದರೆ ಆ ತಕ್ಕಡಿ ಸೊನ್ನೆಗೆ ಬಂದು, ಅದರ ಮೇಲಿನ ಚಕ್ರ ಗಾಳಿಯಲ್ಲಿ ಇರುತ್ತಿತ್ತು. ಸರಪಳಿಯನ್ನು ಆಗಲೇ ಬಿಚ್ಚಲಿಲ್ಲ, ಸಡಿಲ ಬಿಟ್ಟು ನಟ್ಟುಗಳನ್ನು ಬಿಗಿ ಮಾಡಿ, ಸ್ಪ್ಲಿಟ್ ಪಿನ್ ಹಾಕಿ ಮಡಚಿ, ಕಾಫಿ ಕುಡಿದು ಬಂದು ಬಿಚ್ಚಿದೆವು. ಇಲ್ಲಿನ ಕಾಫಿ ಬಗ್ಗೆ ಇನ್ನೊಂದು ಪತ್ರ ಬರೆಯಬೇಕು, ಇರಲಿ.

ಮರಳಿನ ಚೀಲ ಈಗಲೂ ಅಲ್ಲೇ ಇದೆ. ಎಂಜಿನ್ ಕೂತಾಯಿತಲ್ಲ ಅಂತ ಅದನ್ನು ತೆಗೆಯುವ ಹಾಗಿಲ್ಲ, ರೆಕ್ಕೆ ಏರುವ ತನಕ ಅದು ಬೇಕು. ಜಾಸ್ತಿ ಅವಘಡ ಆಗಬಹುದಾದದ್ದು ಎಂಜಿನ್ ಹಾಕುವ ದಿನವಲ್ಲ, ಅದಾದ ಮೇಲಿನ ದಿನಗಳಲ್ಲಿ ಅಂತ ನನಗನ್ನಿಸುತ್ತದೆ. ಹಾಕುವ ದಿನ ಎಲ್ಲರಿಗೂ ಭಯ ಇರುತ್ತದೆ. ವಾರ ಕಳೆದ ಮೇಲೆ ಯಾರೋ ನೆಂಟರು ಬರುತ್ತಾರೆ, ಫೋಟೊಗೆ ಅಂತ ಪ್ರೊಪೆಲ್ಲರ್ ಬುಡದ ಮೇಲೆ ಕೈ ಊರಿ ನಿಲ್ಲುತ್ತಾರೆ, ಮಗು ಒಂದನ್ನು ಮೂಗಿನ ಮೇಲೆ ಕೂರಿಸುತ್ತಾರೆ. ಅಥವಾ ಗ್ಯಾರೇಜಿನಿಂದ ಹೊರಗೆ ತಳ್ಳುವಾಗ ಬಾಗಿಲ ಹೊಸ್ತಿಲಲ್ಲಿ ಚಕ್ರ ತಟಕ್ಕನೆ ನಿಂತು ಬಾಲ ಏಳುತ್ತದೆ.

ಮೂಗಿನ ಚಕ್ರದ ವಿಮಾನ ಕಟ್ಟುವವರಿಗೆ ಇದರ ತದ್ವಿರುದ್ಧ ಕಷ್ಟ. ಅಲ್ಲಿ ದೊಡ್ಡ ಚಕ್ರಗಳು ಹಿಂದೆ ಇರುತ್ತವೆ, ಎಂಜಿನ್ ಇನ್ನೂ ಹಾಕಿಲ್ಲದಾಗ ಅಥವಾ ರಿಪೇರಿಗೆ ಇಳಿಸಿದಾಗ ವಿಮಾನ ಹಿಂದಕ್ಕೆ ಮಗುಚಿ ಬಾಲ ನೆಲಕ್ಕೆ ಬಡಿಯುತ್ತದೆ. ಬಾಲದ ಕೆಳಗೆ ಸ್ಟೂಲ್ ಇಡಬೇಕು.

ಇದೆಲ್ಲಾ ನೆಲದ ಮೇಲಿನ ಕಥೆ. ನೆಲದ ಮೇಲೆ ಬಿದ್ದರೆ ಪ್ರೊಪೆಲ್ಲರ್ ಮುರಿದೀತು, ಯಾರೂ ಅಡಿಗೆ ಸಿಕ್ಕದಿದ್ದರೆ ಜೇಬಿಗೆ ಹೊಡೆತ ಅಷ್ಟೇ. ಆದರೆ ಇದೇ ತೂಕದ ಲೆಕ್ಕ ಆಕಾಶಕ್ಕೂ ಹೋಗುತ್ತದೆ, ನಾನು ಹೇಳಬೇಕಾಗಿರುವುದು ಅದನ್ನೇ. ಕಟ್ಟಿ ಮುಗಿದ ಮೇಲೆ ವಿಮಾನವನ್ನು ಮಟ್ಟವಾಗಿ ನಿಲ್ಲಿಸಿ ಮೂರು ಚಕ್ರದ ಕೆಳಗೂ ತಕ್ಕಡಿ ಇಟ್ಟು ತೂಗುತ್ತಾರೆ. ರೆಕ್ಕೆಯ ಅಂಚಿನಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿ, ಯಾವ ತೂಕ ಎಲ್ಲಿಂದ ಎಷ್ಟು ದೂರ ಅಂತ ಟೇಪು ಹಿಡಿದು ಅಳೆಯುತ್ತಾರೆ. ಒಟ್ಟು ಭಾರದ ನಡುಬಿಂದು ರೆಕ್ಕೆಯ ಅಗಲದಲ್ಲಿ, ಅಂದರೆ ಅದರ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ನಡುವೆ, ಒಂದು ಸಣ್ಣ ಪಟ್ಟಿಯೊಳಗೆ ಬರಬೇಕು. ಪೈಲಟ್ ಕೂತಾಗ, ಇನ್ನೊಬ್ಬರು ಕೂತಾಗ, ಪೆಟ್ರೋಲ್ ತುಂಬಿದಾಗ, ಖಾಲಿಯಾದಾಗ, ಎಲ್ಲದಕ್ಕೂ ಲೆಕ್ಕ ಬೇಕು. ಬಿಂದು ತೀರಾ ಮುಂದಿದ್ದರೆ ಇಳಿಯುವಾಗ ಮೂಗು ಎತ್ತಲು ಬಾಲಕ್ಕೆ ಶಕ್ತಿ ಸಾಲುವುದಿಲ್ಲ, ಬಾಲದ ಚಕ್ರದ ವಿಮಾನವಾದರೆ ಬ್ರೇಕ್ ಒತ್ತಿದಾಗ ಮೂಗಿನ ಮೇಲೆ ಮಗುಚುತ್ತದೆ. ಹಿಂದಕ್ಕೆ ಹೋದರೆ ಇನ್ನೂ ಕೆಟ್ಟದ್ದು. ವಿಮಾನ ಕೈಗೆ ಸಿಗುವುದಿಲ್ಲ, ವೇಗ ಕಡಿಮೆಯಾಗಿ ಸುತ್ತಿಕೊಂಡು ಬೀಳಲು ಶುರುವಾದರೆ ಬಿಡಿಸಿಕೊಳ್ಳಲು ಆಗದೆ ಹೋಗಬಹುದು.

ಪೀಟೆನ್‌ಪೋಲ್ ಕಟ್ಟುವವರು ಇದರ ಜೊತೆ ಬಹಳ ಏಗಿದ್ದಾರೆ. ಮೂಲ ಫೋರ್ಡ್ ಎಂಜಿನ್ ಸುಮಾರು 110 ಕಿಲೋ, ನೀರಿನ ರೇಡಿಯೇಟರ್ ಬೇರೆ. ಕಾಂಟಿನೆಂಟಲ್ 80. ಹಗುರವಾದರೆ ಒಳ್ಳೆಯದೇ ಅಲ್ವಾ ಅನ್ನಿಸುತ್ತದೆ. ಆದರೆ ಮುಂದೆ 30 ಕಿಲೋ ಕಡಿಮೆಯಾದರೆ ನಡುಬಿಂದು ಹಿಂದಕ್ಕೆ ಸರಿಯುತ್ತದೆ. ಅದಕ್ಕೇ ಹಗುರ ಎಂಜಿನ್ ಹಾಕುವವರು ಮೂಗನ್ನು ಉದ್ದ ಮಾಡುತ್ತಾರೆ, ಎಂಜಿನ್ ಇನ್ನಷ್ಟು ದೂರ ಹೋಗಿ ಕೂರಲಿ ಅಂತ. ಅದೂ ಸಾಲದಿದ್ದರೆ ರೆಕ್ಕೆಯನ್ನು ಹೊತ್ತ ಕಂಬಗಳನ್ನು ಹಿಂದಕ್ಕೆ ವಾಲಿಸಿ ಇಡೀ ರೆಕ್ಕೆಯನ್ನೇ ಕೆಲವು ಇಂಚು ಹಿಂದೆ ಸರಿಸುತ್ತಾರೆ. ಬ್ರಾಡ್‌ಹೆಡ್‌ನಲ್ಲಿ ನಿಂತ ವಿಮಾನಗಳನ್ನು ಪಕ್ಕದಿಂದ ನೋಡಿದರೆ ಒಂದೊಂದರ ಕಂಬ ಒಂದೊಂದು ಓರೆ. ಬೈಕಿನ ಎಂಜಿನ್ ಸಿಕ್ಕಿತು ಅಂತ ಯಾರದೋ ನಕ್ಷೆಯ ವಿಮಾನಕ್ಕೆ ಅದನ್ನು ತಂದು ಬಿಗಿದರೆ ಏನಾಗಬಹುದು ಅಂತ ಇದರಿಂದ ಊಹಿಸಿ.

ಕರ್ನಾಟಕಕ್ಕೆ ಇದು ಹೊಸ ವಿದ್ಯೆ ಏನಲ್ಲ, ಅದಕ್ಕೇ ನನಗೆ ಬೇಜಾರು. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್ 5ರಂದು ಮೊದಲು ಹಾರಿತು, ಅದಕ್ಕೂ ಬಾಲದಲ್ಲೇ ಚಕ್ರ. 1958ರಲ್ಲಿ ಹಾರಿದ ಪುಷ್ಪಕ್‌ಗೂ ಹಾಗೇ, ಅದರ ಎಂಜಿನ್ ಕೂಡ ಕಾಂಟಿನೆಂಟಲ್, 90 ಅಶ್ವಶಕ್ತಿಯದು. ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಜನ ಪುಷ್ಪಕ್‌ನಲ್ಲೇ ಹಾರುವುದು ಕಲಿತರು. ಆ ಎಂಜಿನ್ನುಗಳನ್ನು ಇಳಿಸಿ ಏರಿಸಿದ ಮೆಕ್ಯಾನಿಕ್ಕುಗಳು ಬೆಂಗಳೂರಿನಲ್ಲೇ ಎಲ್ಲೋ ಮೊಮ್ಮಕ್ಕಳ ಜೊತೆ ಕೂತಿರುತ್ತಾರೆ. ಬೆಂಗಳೂರಿನದೇ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನವರು 1980ರ ದಶಕದಲ್ಲಿ ಅಮೆರಿಕದ ವಿಮಾನ ವಿನ್ಯಾಸಕ ಬರ್ಟ್ ರುಟಾನ್ ಅವರ ಲಾಂಗ್-ಈಝಿಯನ್ನು ಆಧರಿಸಿ ಒಂದು ಪುಟ್ಟ ವಿಮಾನ ಮಾಡಿದ್ದರು. ಲಾಂಗ್-ಈಝಿ ಮನೆಯಲ್ಲಿ ಕಟ್ಟುವವರಿಗೇ ಮಾಡಿದ ವಿನ್ಯಾಸ. ಅದರ ಎಂಜಿನ್ ಹಿಂದಿರುತ್ತದೆ, ಪೈಲಟ್ ಇಳಿದರೆ ಹಿಂದಕ್ಕೆ ಮಗುಚಬಹುದು ಅಂತ ಮುಂದಿನ ಚಕ್ರವನ್ನು ಮಡಚಿ ಮೂಗನ್ನು ನೆಲಕ್ಕೆ ಊರಿಯೇ ನಿಲ್ಲಿಸುತ್ತಾರೆ. ನೋಡಿದವರಿಗೆ ಕೆಟ್ಟು ಕೂತಿದೆ ಅನ್ನಿಸಬೇಕು, ಹಾಗಿರುತ್ತದೆ.

ಹೀಗೆ ಬಲ್ಲವರು ಊರಲ್ಲೇ ಇರುವಾಗ ನಮ್ಮ ಹುಡುಗರು ಯಾಕೆ ಬರೀ ಯೂಟ್ಯೂಬ್ ನೋಡಿ ಕಟ್ಟಬೇಕು? ಇಲ್ಲಿ 1953ರಿಂದ ಇಂಥವರದೇ ಒಂದು ಸಂಘ ಇದೆ, ಇಎಎ ಅಂತ, ಮಿಲ್‌ವಾಕಿಯಲ್ಲಿ ಶುರುವಾದದ್ದು. ಊರೂರಿಗೆ ಶಾಖೆ. ಕಟ್ಟುತ್ತಿರುವವನ ಗ್ಯಾರೇಜಿಗೆ ಕಟ್ಟಿ ಹಾರಿಸಿದವರು ಬಂದು ತಪ್ಪು ಹುಡುಕುತ್ತಾರೆ, ಪುಕ್ಕಟೆ. ಸರ್ಕಾರದ ಕಡೆಯ ತಪಾಸಣೆಯೂ ಇದೆ. ಅದು ಪಾಸಾದ ಮೇಲೂ ಮೊದಲ ಪರೀಕ್ಷೆಯ ಹಾರಾಟ, ಸಾಮಾನ್ಯವಾಗಿ 25ರಿಂದ 40 ಗಂಟೆ, ಗೊತ್ತು ಮಾಡಿದ ಜಾಗದಲ್ಲೇ ಆಗಬೇಕು, ಸುಮ್ನೆ ಜಾಲಿಗೆ ಅಂತ ಯಾರನ್ನೂ ಕೂರಿಸಿಕೊಳ್ಳುವ ಹಾಗಿಲ್ಲ. ನಮ್ಮಲ್ಲಿ ಅಂಥ ಸಂಘ ಕಟ್ಟಲು ದೊಡ್ಡ ದುಡ್ಡೇನೂ ಬೇಡ. ನಿವೃತ್ತರಾದ ಒಂದಿಬ್ಬರು ಎಚ್‌ಎಎಲ್ ಮೆಕ್ಯಾನಿಕ್ಕುಗಳನ್ನು ಮಾತಾಡಿಸಿ ಅವರ ಅನುಭವವನ್ನು ನಿಮ್ಮ ಭಾನುವಾರದ ಪುರವಣಿಯಲ್ಲಿ ಹಾಕಿ, ಅದನ್ನು ಓದಿದ ಹುಡುಗರೇ ಅವರ ಮನೆ ಹುಡುಕಿಕೊಂಡು ಹೋಗುತ್ತಾರೆ.

ವರದಿಗಾರರಿಗೆ ಒಂದು ಕೋರಿಕೆ. ಮುಂದಿನ ಸಲ ಹಿತ್ತಿಲಲ್ಲಿ ವಿಮಾನ ಕಟ್ಟಿದ ಯಾರಾದರೂ ಸಿಕ್ಕರೆ ಖರ್ಚಿನ ಬಗ್ಗೆ ಆಮೇಲೆ ಕೇಳಿ. ಮೊದಲು ಖಾಲಿ ತೂಕ ಎಷ್ಟು, ಹೇಗೆ ತೂಗಿದಿರಿ, ನಡುಬಿಂದು ಎಲ್ಲಿ ಬಂತು, ಆ ಲೆಕ್ಕದ ಹಾಳೆ ತೋರಿಸಿ ಅನ್ನಿ. ಹಾಳೆ ಇದ್ದರೆ ಅದರ ಫೋಟೊವನ್ನೂ ಹಾಕಿ, ನಾನು ಭೂತಗನ್ನಡಿ ಹಿಡಿದಾದರೂ ಓದುತ್ತೇನೆ. ಇಲ್ಲದಿದ್ದರೆ ಹುಡುಗನನ್ನು ಹೊಗಳಿ, ಬೇಡ ಅನ್ನುವುದಿಲ್ಲ, ಆದರೆ ‘ಶೀಘ್ರದಲ್ಲೇ ಹಾರಾಟ’ ಅಂತ ತಲೆಬರಹ ಕೊಡಬೇಡಿ.

ಇಂತಿ ನಿಮ್ಮ ಓದುಗ,
ಮೂಲ ತಿಪಟೂರು, ಈಗ ವಿಸ್ಕಾನ್ಸಿನ್